ಪ್ಲಗಿನ್‌ಗಳು ಇನ್‌ಸ್ಟಾಲರ್ ಒಳಗಿರಬೇಕೇ, ಹೊರಗಿರಬೇಕೇ?

ಪ್ರಶ್ನೆ: ಬೆಂಗಳೂರಿನಲ್ಲಿ ನಾವು ನಾಲ್ಕು ಜನ ಸೇರಿ ಸಣ್ಣ ಅಂಗಡಿಗಳಿಗೆ ಬಿಲ್ ಹಾಕುವ ಓಪನ್ ಸೋರ್ಸ್ ತಂತ್ರಾಂಶ ಮಾಡಿದ್ದೇವೆ. ಪೈಥಾನ್ ಭಾಷೆ, ಪರದೆಗೆ ಕ್ಯೂಟಿ, ಡೇಟಾಬೇಸಿಗೆ ಎಸ್‌ಕ್ಯೂಲೈಟ್; ಲೈಸೆನ್ಸ್ ಜಿಪಿಎಲ್ 3 (ಹಂಚುವವರು ಕೋಡನ್ನೂ ಮುಕ್ತವಾಗಿ ಕೊಡಬೇಕೆನ್ನುವುದು). ಚಿಕ್ಕಪೇಟೆ, ಮಲ್ಲೇಶ್ವರ, ಯಶವಂತಪುರದ ಕೆಲವು ಅಂಗಡಿಗಳಲ್ಲಿ ನಡೆಯುತ್ತಿದೆ, ಹೆಚ್ಚುಕಡಿಮೆ ಎಲ್ಲಾ ಕಡೆ ವಿಂಡೋಸ್. ಕೋರ್ (ಮುಖ್ಯ ಪ್ರೋಗ್ರಾಂ) ಜೊತೆ 12 ಪ್ಲಗಿನ್, ಅಂದರೆ ಅದಕ್ಕೆ ಸೇರಿಸುವ ಹೆಚ್ಚುವರಿ ಭಾಗಗಳು, ಇವೆ: ಥರ್ಮಲ್ ಪ್ರಿಂಟರ್, ಕನ್ನಡ ಬಿಲ್, ಬಾರ್‌ಕೋಡ್, ಯುಪಿಐ ಕ್ಯೂಆರ್, ಸಾಲದ ಖಾತೆ, ಜಿಎಸ್‌ಟಿ ವರದಿ, ಜಿಎಸ್‌ಟಿ ದರಪಟ್ಟಿ, ಟ್ಯಾಲಿ ಎಕ್ಸ್‌ಪೋರ್ಟ್, ವಾಟ್ಸಾಪ್ ಬಿಲ್, ಖರೀದಿ ಬಿಲ್ಲಿನ ಚಿತ್ರದಿಂದ ಅಕ್ಷರ ಓದುವ ಓಸಿಆರ್, ತೂಕದ ಯಂತ್ರ, ಇ-ಇನ್‌ವಾಯ್ಸ್ (ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವುದು). ಕೊನೆಯ ಎರಡನ್ನು ಹೊರಗಿನವರು ಬರೆದುಕೊಟ್ಟಿದ್ದಾರೆ. ಎಲ್ಲಾ ಒಂದೇ ಇನ್‌ಸ್ಟಾಲರ್‌ನಲ್ಲಿದ್ದು 310 ಎಂಬಿ ಆಗಿದೆ. ಬ್ಲೆಂಡರ್ (3ಡಿ ಚಿತ್ರಣದ ತಂತ್ರಾಂಶ), ಟೆರಾಫಾರ್ಮ್ (ಕ್ಲೌಡ್ ಸರ್ವರ್‌ಗಳನ್ನು ಸಿದ್ಧಪಡಿಸುವ ಸಾಧನ) ಥರ ಪ್ಲಗಿನ್‌ಗಳನ್ನೆಲ್ಲ ಹೊರಗೆ ಹಾಕೋಣ ಅಂತ ನಮ್ಮಲ್ಲಿ ಇಬ್ಬರು. ಅಂಗಡಿಯವರು ಪ್ಲಗಿನ್ ಹುಡುಕಿ ಹಾಕಿಕೊಳ್ಳುವ ಮಾತೇ ಇಲ್ಲ ಅಂತ ಇನ್ನಿಬ್ಬರು. ಯಾವುದು ಸರಿ? ಹೊರಗಿನವರ ಎರಡನ್ನು ನಮ್ಮದಾಗಿ ಸೇರಿಸಿಕೊಳ್ಳಬಹುದೇ?

ಉತ್ತರ: ಏಳು ಪ್ಲಗಿನ್ ಇನ್‌ಸ್ಟಾಲರ್ ಒಳಗೇ ಇರಲಿ. ಮೂರನ್ನು ಹೊರಗೆ ಹಾಕಿ. ಉಳಿದೆರಡನ್ನು, ಅಂದರೆ ಜಿಎಸ್‌ಟಿ ದರಪಟ್ಟಿ ಮತ್ತು ತೂಕದ ಯಂತ್ರವನ್ನು, ಸೀಳಿ ಅರ್ಧ ಒಳಗೆ ಅರ್ಧ ಹೊರಗೆ ಇಡಬೇಕು. ಕಾರಣ ಹೇಳುವ ಮುಂಚೆ ಒಂದು ಗಂಟು ಬಿಡಿಸಬೇಕಿದೆ. ನಿಮ್ಮ ನಾಲ್ವರ ವಾದದಲ್ಲಿ ಮೂರು ಬೇರೆ ಬೇರೆ ವಿಷಯ ಕಲಸಿಹೋಗಿವೆ: ಸೋರ್ಸ್ ಕೋಡ್ ಒಂದೇ ರಿಪಾಸಿಟರಿಯಲ್ಲಿ (ಕೋಡ್ ಇಡುವ ಕಣಜದಲ್ಲಿ) ಇರಬೇಕೇ, ಅಂಗಡಿಯವರು ಇಳಿಸಿಕೊಳ್ಳುವ ಫೈಲಿನಲ್ಲಿ ಏನೇನಿರಬೇಕು, ಕೋರ್‌ನ ಮುಂದಿನ ರಿಲೀಸಿಗೆ ಕಾಯದೆ ಪ್ಲಗಿನ್ ತಾನೇ ಅಪ್‌ಡೇಟ್ ಆಗಬಹುದೇ. ಇವಕ್ಕೆ ಬೇರೆ ಬೇರೆ ಉತ್ತರ ಕೊಟ್ಟುಕೊಳ್ಳಬಹುದು. ದೊಡ್ಡ ಪ್ರಾಜೆಕ್ಟ್‌ಗಳೂ ಮಾಡಿರುವುದು ಅದನ್ನೇ.

ಅನೇಕ ಸರ್ವರ್‌ಗಳನ್ನು ಒಟ್ಟಿಗೆ ನಿರ್ವಹಿಸುವ ಸಾಧನವಾದ ಆನ್ಸಿಬಲ್ ನೋಡಿ. 2.9ರ ತನಕ ಸಾವಿರಾರು ಮಾಡ್ಯೂಲ್‌ಗಳು ಒಂದೇ ರಿಪಾಸಿಟರಿಯಲ್ಲಿದ್ದವು. ಯಾವುದೋ ನೆಟ್‌ವರ್ಕ್ ಸ್ವಿಚ್ಚಿನ ಮಾಡ್ಯೂಲ್‌ನಲ್ಲಿ ಒಂದು ಸಾಲು ಸರಿಪಡಿಸಿದರೂ ಅದು ಬಳಕೆದಾರರ ಕೈಸೇರಲು ಇಡೀ ಆನ್ಸಿಬಲ್‌ನ ರಿಲೀಸ್ ಆಗಬೇಕಿತ್ತು; ಇನ್ನೊಂದು ಕಡೆ, ತಾವು ಎಂದೂ ಬಳಸದ ಸಾಧನಗಳ ಕೋಡನ್ನು ಪರಿಶೀಲಿಸುವ ಭಾರ ಕೋರ್ ತಂಡದ ತಲೆ ಮೇಲಿತ್ತು. 2020ರಲ್ಲಿ 2.10 ಬಂದಾಗ ಅವನ್ನೆಲ್ಲ ಕಲೆಕ್ಷನ್ ಎಂಬ ಬೇರೆ ಬೇರೆ ಕಟ್ಟುಗಳಾಗಿ ಒಡೆದರು. ಆದರೆ ಇವತ್ತಿಗೂ ಪಿಪ್‌ನಲ್ಲಿ (ಪೈಥಾನ್ ಪ್ಯಾಕೇಜ್ ಇಳಿಸುವ ಸಾಧನ) ಆನ್ಸಿಬಲ್ ಅಂತ ಹಾಕಿಕೊಂಡರೆ ಕೋರ್ ಜೊತೆ ಆರಿಸಿದ ಕಲೆಕ್ಷನ್‌ಗಳ ದೊಡ್ಡ ಮೂಟೆಯೇ ಬರುತ್ತದೆ. ಬರೀ ಕೋರ್ ಸಾಕು ಅನ್ನುವವರಿಗೆ ಆನ್ಸಿಬಲ್-ಕೋರ್ ಅಂತ ಪ್ರತ್ಯೇಕ ಪ್ಯಾಕೇಜ್ ಇದೆ. ಸೋರ್ಸ್ ಬೇರೆಯಾಯಿತು, ರಿಲೀಸ್ ಬೇರೆಯಾಯಿತು, ಬಳಕೆದಾರನ ಕೈಗೆ ಬರುವ ಮೂಟೆ ಮಾತ್ರ ಹಾಗೇ ಉಳಿಯಿತು.

ಟೆರಾಫಾರ್ಮ್ 2017ರ ಆಗಸ್ಟ್‌ನಲ್ಲಿ, 0.10ರಲ್ಲಿ, ಪ್ರೊವೈಡರ್‌ಗಳನ್ನು, ಅಂದರೆ ಒಂದೊಂದು ಕ್ಲೌಡ್ ಸೇವೆಯ ಪ್ಲಗಿನ್‌ಗಳನ್ನು, ಹೊರಗೆ ಹಾಕಿದ್ದು ಕ್ಲೌಡ್ ಕಂಪನಿಗಳ ವೇಗಕ್ಕೆ. ಆ ಕಂಪನಿಗಳು ಹೊಸ ಸೇವೆ ಬಿಡುವ ವೇಗಕ್ಕೂ ಕೋರ್ ರಿಲೀಸಿನ ವೇಗಕ್ಕೂ ತಾಳೆಯೇ ಇರಲಿಲ್ಲ. ಅದನ್ನು ಬಳಸುವವರೂ ಇಂಜಿನಿಯರ್‌ಗಳೇ, ಒಂದು ಆಜ್ಞೆ ಓಡಿಸಿ ಬೇಕಾದ್ದನ್ನು ಇಳಿಸಿಕೊಳ್ಳುತ್ತಾರೆ. ಬ್ಲೆಂಡರ್ 2024ರ ಜುಲೈನಲ್ಲಿ, 4.2ರ ಜೊತೆ, ಬಹುಪಾಲು ಆ್ಯಡ್-ಆನ್‌ಗಳನ್ನು ಎಕ್ಸ್‌ಟೆನ್ಶನ್ಸ್ ತಾಣಕ್ಕೆ ಸಾಗಿಸಿತು, ಅಗತ್ಯವಾದ ಕೆಲವನ್ನು ಒಳಗೇ ಉಳಿಸಿಕೊಂಡಿತು. ನೆಟ್ ಇಲ್ಲದ ಯಂತ್ರಕ್ಕೆ ಈಗ ಜಿಪ್ ಫೈಲನ್ನು ಕೈಯಲ್ಲಿ ಒಯ್ದು ಹಾಕಬೇಕು. ನಿಮಗಿರುವುದು 12 ಪ್ಲಗಿನ್, ನಾಲ್ಕು ಜನ, ಕೌಂಟರ್ ಬಿಟ್ಟು ಏಳಲು ಪುರುಸೊತ್ತಿಲ್ಲದ ಅಂಗಡಿಯವರು. ಅವರ ಕಾರಣಗಳು ನಿಮಗೆ ಅನ್ವಯಿಸುವುದಿಲ್ಲ.

ಹೊರಗಿದ್ದದ್ದು ಒಳಗೆ ಬಂದ ಉದಾಹರಣೆಗಳೂ ಇವೆ. ಧ್ವನಿ ಸಂಪಾದಿಸುವ ಆಡಾಸಿಟಿಯಲ್ಲಿ ಎಂಪಿ3 ಉಳಿಸಬೇಕಾದರೆ ಲೇಮ್ ಎಂಬ ಎನ್‌ಕೋಡರನ್ನು ಬೇರೆ ಇಳಿಸಿ, ಅದರ ಜಾಗ ತೋರಿಸಬೇಕಿತ್ತು. ಅದಕ್ಕೆ ಕಾರಣ ಪೇಟೆಂಟ್. 2017ರಲ್ಲಿ ಎಂಪಿ3 ಪೇಟೆಂಟ್‌ಗಳ ಅವಧಿ ಮುಗಿಯಿತು, 2019ರ 2.3.2 ಆವೃತ್ತಿಯಿಂದ ಲೇಮ್ ಒಳಗೇ ಬಂತು. ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನ ವಿಶ್ಲೇಷಣೆಯ ಭಾಗವಾದ ಪ್ರೊಸೆಸಿಂಗ್ ಮೊದಲು ಹೊರಗಿನ ಪ್ಲಗಿನ್. ಅದಿಲ್ಲದೆ ಕೆಲಸವೇ ಸಾಗದಷ್ಟು ಬಳಕೆಯಾದ ಮೇಲೆ 2.0ರಲ್ಲಿ ಒಳಗೆ ತಂದರು.

ನಿಮ್ಮ ಪಟ್ಟಿಗೆ ಬರೋಣ.

ಪ್ರತಿ ಪ್ಲಗಿನ್ನಿಗೂ ಮೊದಲು ಕೇಳಬೇಕಾದದ್ದು: ಇದನ್ನು ತೆಗೆದರೆ ಡೇಟಾ ಏನಾಗುತ್ತದೆ? ಪೋಸ್ಟ್‌ಗ್ರೆಸ್ ಡೇಟಾಬೇಸಿನ ಜೊತೆ, ಅದರಲ್ಲಿ ನಕ್ಷೆಯ ಡೇಟಾ ಇಡಲು ಬೇಕಾದ ಪೋಸ್ಟ್‌ಜಿಐಎಸ್ ಬಳಸಿದವರಿಗೆ ಇದರ ಬಿಸಿ ಗೊತ್ತು. ಪೋಸ್ಟ್‌ಜಿಐಎಸ್ ಬೇರೆ ಪ್ಯಾಕೇಜು. ಹೊಸ ಆವೃತ್ತಿಗೆ ಪಿಜಿ-ಅಪ್‌ಗ್ರೇಡ್ ಓಡಿಸುವಾಗ ಹೊಸ ಕಡೆಯಲ್ಲಿ ಅದರ ಲೈಬ್ರರಿ ಇಲ್ಲದಿದ್ದರೆ ಅಪ್‌ಗ್ರೇಡ್ ಅಲ್ಲೇ ನಿಂತುಬಿಡುತ್ತದೆ. ಡೇಟಾದ ಆಕಾರವೇ ಆ ಪ್ಲಗಿನ್ನಿಗೆ ಸೇರಿದ್ದು, ಅದಿಲ್ಲದೆ ಓದುವವರಿಲ್ಲ. ನಿಮ್ಮ ಸಾಲದ ಖಾತೆ ಇದೇ ಜಾತಿಯದು. ಗ್ರಾಹಕರ ಬಾಕಿ ಅದರ ಟೇಬಲ್ಲಿನಲ್ಲಿದೆ, ಬಿಲ್ಲು ಕೋರ್‌ನ ಟೇಬಲ್ಲಿನಲ್ಲಿದೆ. ಪ್ಲಗಿನ್ ಇಲ್ಲದ ಯಂತ್ರದಲ್ಲಿ ಅದೇ ಫೈಲ್ ತೆರೆದು ನಾಲ್ಕು ಬಿಲ್ ಹಾಕಿದರೆ ಬಾಕಿ ಲೆಕ್ಕ ತಪ್ಪುತ್ತದೆ, ಎಲ್ಲೂ ಎರರ್ ಬರುವುದಿಲ್ಲ. ಇದನ್ನು ಬಂಡಲ್ ಮಾಡಿದರೂ (ಇನ್‌ಸ್ಟಾಲರ್ ಒಳಗೇ ಕೊಟ್ಟರೂ) ಸಾಲದು, ಪ್ಲಗಿನ್ ಎಂಬ ವೇಷ ಕಳಚಿ ಕೋರ್‌ಗೇ ಸೇರಿಸಿ. ಬೇಡವಾದವರಿಗೆ ಸೆಟ್ಟಿಂಗ್‌ನಲ್ಲಿ ಮುಚ್ಚುವ ಅವಕಾಶ ಕೊಟ್ಟರಾಯಿತು.

ಇದೇ ನೆಪದಲ್ಲಿ ಎರಡು ಸಂಗತಿ ನೋಡಿಕೊಳ್ಳಿ. ಯಾವುದಾದರೂ ಪ್ಲಗಿನ್ ತನ್ನ ಸೆಟ್ಟಿಂಗನ್ನೋ ಬಿಲ್ಲಿನ ಹೆಚ್ಚುವರಿ ವಿವರವನ್ನೋ ಪಿಕಲ್ (ಪೈಥಾನ್‌ನದೇ ಉಳಿಸುವ ರೂಪ) ಮಾಡಿ ಡೇಟಾಬೇಸಿನಲ್ಲಿ ಇಟ್ಟಿದ್ದರೆ ಅದನ್ನು ಜೇಸನ್ ಎಂಬ ಸರಳ ಪಠ್ಯರೂಪಕ್ಕೆ ಬದಲಿಸಿ. ಪಿಕಲ್ ತೆರೆಯಲು ಆ ಪ್ಲಗಿನ್ನಿನ ಕ್ಲಾಸೇ ಬೇಕು, ಅದೂ ಅದೇ ಮಾಡ್ಯೂಲ್ ಹೆಸರಿನಲ್ಲಿ. ಪ್ಲಗಿನ್ನನ್ನು ಬೇರೆ ಫೋಲ್ಡರಿಗೆ ಸಾಗಿಸಿ ಹೆಸರು ಬದಲಾದ ದಿನ ಹಳೇ ಡೇಟಾ ತೆರೆಯದು. ಇನ್ನೊಂದು, ಎಸ್‌ಕ್ಯೂಲೈಟ್‌ನ ಯೂಸರ್-ವರ್ಶನ್ ಇಡೀ ಫೈಲಿಗೆ ಒಂದೇ ಸಂಖ್ಯೆ. ಅದು ಕೋರ್‌ಗೆ ಮೀಸಲಿರಲಿ. ಪ್ಲಗಿನ್‌ಗಳ ಸ್ಕೀಮಾ (ಟೇಬಲ್‌ಗಳ ರಚನೆ) ಆವೃತ್ತಿಗೆ ಒಂದು ಟೇಬಲ್ ಮಾಡಿ, ಪ್ಲಗಿನ್ನಿಗೊಂದು ಸಾಲು ಕೊಡಿ. ಇಲ್ಲದಿದ್ದರೆ ಎರಡು ಪ್ಲಗಿನ್ ಒಂದೇ ಸಂಖ್ಯೆಯನ್ನು ಏರಿಸಿ, ಒಂದರ ಮೈಗ್ರೇಶನ್ (ಹಳೇ ರಚನೆಯನ್ನು ಹೊಸದಕ್ಕೆ ಬದಲಿಸುವ ಕೆಲಸ) ಓಡದೇ ಉಳಿಯುತ್ತದೆ.

ಎರಡನೆಯದಾಗಿ ಕೇಳಬೇಕಾದದ್ದು, ಇದು ಯಾರ ಕ್ಯಾಲೆಂಡರ್ ಪ್ರಕಾರ ಬದಲಾಗುತ್ತದೆ ಅಂತ. ಜಿಎಸ್‌ಟಿ ದರ ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ತೀರ್ಮಾನಿಸಿತು, 22ರಿಂದ ಜಾರಿ. ಶೇ 12 ಮತ್ತು ಶೇ 28ರ ಹಂತಗಳಲ್ಲಿದ್ದ ಬಹುಪಾಲು ಸರಕು ಶೇ 5 ಮತ್ತು ಶೇ 18ಕ್ಕೆ ಹೋಯಿತು, ಕೆಲವು ಶೇ 40ಕ್ಕೆ ಏರಿದವು. ಮಧ್ಯೆ ಇದ್ದದ್ದು 19 ದಿನ. ನಿಮ್ಮ ಕೋರ್ ರಿಲೀಸ್ ಮೂರು ತಿಂಗಳಿಗೊಮ್ಮೆ ಇದ್ದು, ದರಗಳು ಕೋಡಿನಲ್ಲಿ ಬರೆದಿದ್ದರೆ, ಆ 19 ದಿನದಲ್ಲಿ ಅವಸರದ ರಿಲೀಸ್ ಬಿಡಬೇಕಾಗುತ್ತದೆ. ಅದರಲ್ಲಿ ಅರ್ಧಂಬರ್ಧ ಪರೀಕ್ಷೆಯಾದ ಬೇರೆ ಬದಲಾವಣೆಗಳೂ ನುಸುಳುತ್ತವೆ. ಆದ್ದರಿಂದ ದರ ಲೆಕ್ಕ ಹಾಕುವ ಕೋಡ್ ಕೋರ್‌ನಲ್ಲಿರಲಿ, ದರಪಟ್ಟಿ ಮಾತ್ರ ಪ್ರತ್ಯೇಕ ಡೇಟಾ ಫೈಲಾಗಿ ಬರಲಿ. ಅದರ ಒಂದು ಪ್ರತಿ ಇನ್‌ಸ್ಟಾಲರ್‌ನಲ್ಲೂ ಇರಲೇಬೇಕು, ಹೊಸದಾಗಿ ಹಾಕಿಕೊಂಡವರು ನೆಟ್ ಇಲ್ಲದೆಯೂ ಬಿಲ್ ಹಾಕುವಂತಿರಬೇಕು. ಪ್ರತಿ ಸಾಲಿನಲ್ಲಿ ಎಚ್‌ಎಸ್‌ಎನ್ ಕೋಡ್ (ಸರಕಿನ ವರ್ಗದ ಸಂಖ್ಯೆ), ದರ, ಯಾವ ದಿನಾಂಕದಿಂದ, ಯಾವ ದಿನಾಂಕದವರೆಗೆ ಎಂಬ ನಾಲ್ಕೂ ಕಾಲಂ ಇರಲಿ. ಹಳೇ ದರವನ್ನು ಅಳಿಸಿ ಹೊಸದು ಬರೆಯಬಾರದು: ಸೆಪ್ಟೆಂಬರ್ 20ರಂದು ಮಾರಿದ ಸಾಮಾನು 25ರಂದು ವಾಪಸ್ ಬಂದರೆ ಕ್ರೆಡಿಟ್ ನೋಟಿಗೆ ಹಳೇ ದರವೇ ಬೇಕು. ದಿನಾಂಕವಿದ್ದರೆ ಇನ್ನೊಂದು ಅನುಕೂಲವೂ ಇದೆ. ಪಟ್ಟಿಯನ್ನು 15ನೇ ತಾರೀಕೇ ಕಳಿಸಿಬಿಡಬಹುದು, 22ರ ಬೆಳಿಗ್ಗೆ ತಾನೇ ಜಾರಿಗೆ ಬರುತ್ತದೆ. ಜಿಎಸ್‌ಟಿ ವರದಿಯ ಪ್ಲಗಿನ್ ಹೀಗೆ ಮೇಲಿಂದ ಮೇಲೆ ಬದಲಾಗುವಂಥದ್ದಲ್ಲ, ಅದು ಒಳಗೇ ಇರಲಿ.

ಥರ್ಮಲ್ ಪ್ರಿಂಟರ್ ಮತ್ತು ಕನ್ನಡ ಬಿಲ್ ಎರಡು ಪ್ಲಗಿನ್ ಯಾಕಾದವು ಅಂತ ಊಹಿಸಬಹುದು, ಮೊದಲು ಇಂಗ್ಲಿಷ್ ಬಿಲ್ ಬರೆದು ಆಮೇಲೆ ಕನ್ನಡ ಸೇರಿಸಿದಿರಿ. ಈಗ ಒಂದು ಮಾಡಿ. ಇಎಸ್‌ಸಿ-ಪಿಒಎಸ್ (ಬಿಲ್ ಪ್ರಿಂಟರ್‌ಗಳ ಆಜ್ಞಾಭಾಷೆ) ಪ್ರಿಂಟರ್‌ಗೆ ಅಕ್ಷರದ ಬೈಟ್ ಕಳಿಸಿದರೆ ಅದು ತನ್ನೊಳಗಿನ ಫಾಂಟಿನಿಂದ ಮುದ್ರಿಸುತ್ತದೆ. ಒತ್ತಕ್ಷರ ಕೂಡಿಸುವ ವಿದ್ಯೆ ಅದಕ್ಕಿಲ್ಲ. ಕನ್ನಡಕ್ಕೆ ಇರುವ ದಾರಿ ಒಂದೇ. ಹಾರ್ಫ್‌ಬಜ್ ಎಂಬ ಲೈಬ್ರರಿಯಿಂದ ಅಕ್ಷರ ಜೋಡಿಸಿ, ಚಿತ್ರ ಮಾಡಿ, ರಾಸ್ಟರ್ (ಚುಕ್ಕಿ ಚಿತ್ರದ) ಆಜ್ಞೆಯಲ್ಲಿ ಕಳಿಸುವುದು. 203 ಡಿಪಿಐ ಯಂತ್ರದಲ್ಲಿ 58 ಮಿಮೀ ಕಾಗದಕ್ಕೆ ಸಾಮಾನ್ಯವಾಗಿ 384 ಚುಕ್ಕಿ ಅಗಲ, 80 ಮಿಮೀಗೆ 576. ಈ ಅಗಲದ ಲೆಕ್ಕ ಎರಡೂ ಪ್ಲಗಿನ್‌ನಲ್ಲಿ ಬರೆದಿದ್ದು, ಒಂದು ಅಪ್‌ಡೇಟ್ ಆಗಿ ಇನ್ನೊಂದು ಆಗದಿದ್ದರೆ, ಬಿಲ್ಲಿನ ಬಲಬದಿಯ ಮೊತ್ತ ಕತ್ತರಿಸಿಹೋಗುತ್ತದೆ. ಕ್ಯೂಟಿಯಲ್ಲಿ ಹಾರ್ಫ್‌ಬಜ್ ಹೇಗೂ ಇದೆ, ಹೊಸ ಲೈಬ್ರರಿ ಬೇಡ. ನೋಟೋ ಸ್ಯಾನ್ಸ್ ಕನ್ನಡ ಫಾಂಟಿನ ಓಎಫ್‌ಎಲ್ ಲೈಸೆನ್ಸ್ ತಂತ್ರಾಂಶದ ಜೊತೆ ಹಂಚಲು ಒಪ್ಪುತ್ತದೆ, ಫಾಂಟನ್ನೂ ಒಳಗಿಡಿ. ಬೆಂಗಳೂರಿನ ಅಂಗಡಿಯ ಬಿಲ್ಲು ಕನ್ನಡದಲ್ಲಿ ಬರಲು ಪ್ಲಗಿನ್ ಇಳಿಸಿಕೊಳ್ಳಿ ಅನ್ನುವುದು ಹೇಗೂ ಚೆನ್ನಾಗಿರುವುದಿಲ್ಲ.

ಬಾರ್‌ಕೋಡ್ ಮತ್ತು ಯುಪಿಐ ಕ್ಯೂಆರ್ ಪುಟ್ಟವು. ಯುಪಿಐ ಕ್ಯೂಆರ್ ಅಂದರೆ ವಿಳಾಸ, ಹೆಸರು, ಮೊತ್ತ ಸೇರಿಸಿ ಕಟ್ಟಿದ ಒಂದು ಕೊಂಡಿ, ಅದನ್ನು ಬಿಡಿಸಲು ನೆಟ್ ಕೂಡ ಬೇಡ. ಎರಡೂ ಒಳಗೇ ಇರಲಿ. ಟ್ಯಾಲಿ ಎಕ್ಸ್‌ಪೋರ್ಟ್ ಎಕ್ಸ್‌ಎಂಎಲ್ ಬರೆಯುವ ಕೆಲಸ, ಆಡಿಟರ್ ಕೇಳಿದ ದಿನ ತಟ್ಟನೆ ಬೇಕಾಗುವಂಥದ್ದು, ಅದೂ ಒಳಗೇ.

ಹೊರಗೆ ಹೋಗಬೇಕಾದವು ಓಸಿಆರ್, ವಾಟ್ಸಾಪ್, ಇ-ಇನ್‌ವಾಯ್ಸ್. ಮೂರಕ್ಕೂ ಕಾರಣ ಬೇರೆ. 310 ಎಂಬಿಯಲ್ಲಿ ದೊಡ್ಡ ಪಾಲು ಓಸಿಆರ್ ಮತ್ತು ಅದರ ಬೆನ್ನಿಗೆ ಬಂದ ಚಿತ್ರ ಸಂಸ್ಕರಣೆಯ ಲೈಬ್ರರಿಗಳದ್ದೇ ಇರಬೇಕು. ಫೋಲ್ಡರ್‌ಗಳ ಗಾತ್ರ ತೆಗೆದು ನೋಡಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಟೆಸರಾಕ್ಟ್ ಎಂಬ ಓಸಿಆರ್ ತಂತ್ರಾಂಶ ತಾನೇ ಈ ಮಾದರಿಯಲ್ಲಿದೆ: ಇಂಜಿನ್ ಒಂದು, ಭಾಷೆಯ ಡೇಟಾ ಬೇರೆ. ಉಬುಂಟುವಿನಲ್ಲಿ ಟೆಸರಾಕ್ಟ್ ಹಾಕಿ ಕನ್ನಡದ ಪ್ಯಾಕೇಜ್ ಮರೆತವರಿಗೆ ಕನ್ನಡದ ಡೇಟಾ ಫೈಲ್ ತೆರೆಯಲಾಗಲಿಲ್ಲ, ಟೆಸ್‌ಡೇಟಾ ದಾರಿ ಸರಿಯಿದೆಯೇ ನೋಡಿ ಎಂಬ ಎರರ್ ಬರುತ್ತದೆ. ಗೊತ್ತಿದ್ದವರಿಗೆ ಅದು ಅರ್ಥವಾಗುತ್ತದೆ, ಅಂಗಡಿಯವರಿಗೆ ಆಗದು. ನೀವು ಹೊರಗೆ ಹಾಕುವಾಗ ಇಂಜಿನ್, ಕನ್ನಡ ಮತ್ತು ಇಂಗ್ಲಿಷ್ ಡೇಟಾ ಮೂರನ್ನೂ ಒಂದೇ ಕಟ್ಟಾಗಿ ಕೊಡಿ. ಡೇಟಾದಲ್ಲಿ ಫಾಸ್ಟ್ ಎಂಬುದು ಚಿಕ್ಕದು, ಬೆಸ್ಟ್ ಎಂಬುದು ದೊಡ್ಡದು ಮತ್ತು ನಿಧಾನ. ಅಂಗಡಿಯ ಕಂಪ್ಯೂಟರಿಗೆ ಫಾಸ್ಟ್ ಸಾಕು.

ವಾಟ್ಸಾಪ್ ಪ್ಲಗಿನ್ ಅನಧಿಕೃತ ಲೈಬ್ರರಿ ಬಳಸುತ್ತಿದ್ದರೆ ಅದು ಯಾವ ದಿನ ಬೇಕಾದರೂ ಕೆಲಸ ನಿಲ್ಲಿಸಬಹುದು, ಅಂಗಡಿಯ ನಂಬರ್ ಬ್ಲಾಕ್ ಆಗುವ ಅಪಾಯವೂ ಇದೆ. ನಿಮ್ಮ ಇನ್‌ಸ್ಟಾಲರ್‌ನಲ್ಲಿ ಬಂದದ್ದಕ್ಕೆ ನೀವೇ ಜವಾಬು ಹೇಳಬೇಕು. ಇ-ಇನ್‌ವಾಯ್ಸ್ ಕಡ್ಡಾಯ ಇರುವುದು ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೆ, 2023ರ ಆಗಸ್ಟ್ 1ರಿಂದ. ನಿಮ್ಮ ಸಣ್ಣ ಅಂಗಡಿಗಳಲ್ಲಿ ಬಹುತೇಕರಿಗೆ ಬೇಡದ, ಬೇಕಾದವರಿಗೆ ಪೋರ್ಟಲ್ ಬದಲಾದಾಗಲೆಲ್ಲ ತಕ್ಷಣ ಅಪ್‌ಡೇಟ್ ಬೇಕಾಗುವ ಪ್ಲಗಿನ್ ಅದು.

ತೂಕದ ಯಂತ್ರದ್ದು ಸ್ವಲ್ಪ ಸಿಕ್ಕು. ಸೀರಿಯಲ್ ಪೋರ್ಟಿನಿಂದ ಓದುವ ಭಾಗ ಎಲ್ಲಾ ಯಂತ್ರಕ್ಕೂ ಒಂದೇ. ಬಾಡ್ ದರ (ಡೇಟಾ ಕಳಿಸುವ ವೇಗ) ಮತ್ತು ಯಂತ್ರ ಕಳಿಸುವ ಸಾಲಿನ ರೂಪ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಓದುವ ಕೋಡ್ ಒಳಗಿಟ್ಟು, ರೂಪಗಳನ್ನು ದರಪಟ್ಟಿಯ ಹಾಗೆ ಡೇಟಾ ಫೈಲ್ ಮಾಡಿ. ಹೊಸ ಯಂತ್ರ ಬಂದರೆ ಎರಡು ಸಾಲು ಸೇರಿಸಿದರಾಯಿತು. ತೊಂದರೆ ಇರುವುದು ಕಂಪನಿಯ ಡಿಎಲ್‌ಎಲ್ (ವಿಂಡೋಸ್ ಲೈಬ್ರರಿ ಫೈಲ್) ಬೇಡುವ ಮಾದರಿಗಳಲ್ಲಿ. ಒಂದು, ಅಂಥ ಡಿಎಲ್‌ಎಲ್ 32 ಬಿಟ್‌ನದಾಗಿದ್ದರೆ ನಿಮ್ಮ 64 ಬಿಟ್ ಪೈಥಾನ್ ಅದನ್ನು ಲೋಡ್ ಮಾಡಲಾರದು. ಎರಡು, ಅದು ಮುಚ್ಚಿದ ಕೋಡ್. ಪ್ಲಗಿನ್ ಮತ್ತು ಮುಖ್ಯ ಪ್ರೋಗ್ರಾಂ ಒಂದೇ ಮೆಮೊರಿಯಲ್ಲಿ ಸೇರಿ, ಪರಸ್ಪರ ಫಂಕ್ಷನ್ ಕರೆದು ಡೇಟಾ ಹಂಚಿಕೊಂಡರೆ ಎರಡೂ ಸೇರಿ ಒಂದೇ ಪ್ರೋಗ್ರಾಂ ಅನ್ನುವುದು ಜಿಪಿಎಲ್ ಬಗ್ಗೆ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ನಿಲುವು. ಎರಡಕ್ಕೂ ಮದ್ದು ಒಂದೇ: ಡಿಎಲ್‌ಎಲ್ ಮುಟ್ಟುವ ಭಾಗವನ್ನು ಪುಟ್ಟ ಬೇರೆ ಪ್ರೋಗ್ರಾಂ ಮಾಡಿ, ಅದು ತೂಕವನ್ನು ಒಂದು ಸಾಲಾಗಿ ಹೊರಗೆ ಬರೆಯಲಿ, ನಿಮ್ಮ ಪ್ಲಗಿನ್ ಅದನ್ನು ಓದಿಕೊಳ್ಳಲಿ. ಚಿತ್ರ ತಿದ್ದುವ ಗಿಂಪ್‌ನಲ್ಲಿ ಪ್ಲಗಿನ್‌ಗಳೆಲ್ಲ ಪ್ರತ್ಯೇಕ ಪ್ರೊಸೆಸ್‌ಗಳಾಗಿಯೇ ಓಡುತ್ತವೆ, ಒಂದು ಕುಸಿದರೆ ಗಿಂಪ್ ಕುಸಿಯುವುದಿಲ್ಲ. ಡಿಎಲ್‌ಎಲ್ಲನ್ನು ಮಾತ್ರ ನಿಮ್ಮ ಇನ್‌ಸ್ಟಾಲರ್‌ನಲ್ಲಿ ಹಂಚಬೇಡಿ, ಯಂತ್ರದ ಕಂಪನಿಯಿಂದಲೇ ಪಡೆಯಲಿ.

ಹೊರಗೆ ಹಾಕಿದ ಮೇಲೆ ಕೆಡುವ ಜಾಗಗಳು

ವಿಂಡೋಸ್‌ಗೆ ನೀವು ಪೈಇನ್‌ಸ್ಟಾಲರ್‌ನಿಂದ (ಪೈಥಾನ್ ಕೋಡನ್ನು ನೇರ ಓಡುವ ಪ್ರೋಗ್ರಾಂ ಮಾಡುವ ಸಾಧನ) ಕಟ್ಟುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಎಲ್ಲವೂ ಒಳಗಿರುವಾಗ ಕಾಣದ ಮೂರು ತೊಂದರೆ, ಒಂದು ಪ್ಲಗಿನ್ ಹೊರಗೆ ಹೋದ ದಿನ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಪೈಇನ್‌ಸ್ಟಾಲರ್ ನಿಮ್ಮ ಕೋಡನ್ನು ಓದಿ, ಅದರಲ್ಲಿ ಇಂಪೋರ್ಟ್ ಆದ ಮಾಡ್ಯೂಲ್‌ಗಳನ್ನಷ್ಟೇ ಕಟ್ಟಿಗೆ ಸೇರಿಸುತ್ತದೆ, ಪೈಥಾನ್‌ನ ಸ್ಟ್ಯಾಂಡರ್ಡ್ ಲೈಬ್ರರಿಯನ್ನೂ ಪೂರ್ತಿ ಸೇರಿಸುವುದಿಲ್ಲ. ಹೊರಗಿನ ಪ್ಲಗಿನ್ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿನ ಯಾವುದೋ ಸಾಮಾನ್ಯ ಮಾಡ್ಯೂಲ್ ಕೇಳಿದರೂ, ಕೋರ್ ಅದನ್ನು ಬಳಸದಿದ್ದರೆ ಅದು ಕಟ್ಟಿನಲ್ಲಿರುವುದಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಪೂರ್ತಿ ಪೈಥಾನ್ ಇರುವುದರಿಂದ ಅಲ್ಲಿ ಓಡುತ್ತದೆ, ಅಂಗಡಿಯಲ್ಲಿ ಮಾಡ್ಯೂಲ್ ಸಿಗಲಿಲ್ಲ ಅನ್ನುತ್ತದೆ. ಎರಡನೆಯದು, ಪ್ಲಗಿನ್‌ಗಳನ್ನು ಎಂಟ್ರಿ ಪಾಯಿಂಟ್ (ತನ್ನಲ್ಲಿ ಇಂಥ ಪ್ಲಗಿನ್ ಇದೆ ಎಂದು ಪ್ಯಾಕೇಜ್ ಘೋಷಿಸುವ ಗುರುತು) ಮೂಲಕ ಪತ್ತೆ ಮಾಡುತ್ತಿದ್ದರೆ ಅದಕ್ಕೆ ಪ್ಯಾಕೇಜಿನ ಮೆಟಾಡೇಟಾ ಬೇಕು. ಕಾಪಿ-ಮೆಟಾಡೇಟಾ ಆಯ್ಕೆ ಕೊಡದಿದ್ದರೆ ಅದು ಕಟ್ಟಿಗೆ ಬರುವುದಿಲ್ಲ, ಪ್ಲಗಿನ್ ಪಟ್ಟಿ ಖಾಲಿ ಕಾಣುತ್ತದೆ. ಮೂರನೆಯದು, ಸಿ ಭಾಷೆಯ ತುಣುಕಿರುವ ವ್ಹೀಲ್‌ಗಳು (ಪೈಥಾನ್ ಪ್ಯಾಕೇಜ್ ಫೈಲ್‌ಗಳು) ಸಾಮಾನ್ಯವಾಗಿ ಪೈಥಾನ್‌ನ ನಿರ್ದಿಷ್ಟ ಆವೃತ್ತಿಗೆ ಕಟ್ಟಿದವು. ಕೋರನ್ನು 3.11ರಿಂದ 3.12ಕ್ಕೆ ಏರಿಸಿದರೆ ಅಂಥ ಹಳೇ ಪ್ಲಗಿನ್‌ಗಳೆಲ್ಲ ಒಟ್ಟಿಗೆ ಬೀಳುತ್ತವೆ. ಇದಕ್ಕೆ ನಾನು ಸೂಚಿಸುವ ದಾರಿ: ಪೈಇನ್‌ಸ್ಟಾಲರ್ ಬಿಟ್ಟು, ಪೈಥಾನ್ ತಾಣದಲ್ಲೇ ಸಿಗುವ ವಿಂಡೋಸ್ ಎಂಬೆಡಬಲ್ ಪ್ಯಾಕೇಜನ್ನು ಇನ್‌ಸ್ಟಾಲರ್ ಒಳಗೆ ಹಾಕಿ. ಅದರಲ್ಲಿ ಸ್ಟ್ಯಾಂಡರ್ಡ್ ಲೈಬ್ರರಿ ಹೆಚ್ಚುಕಡಿಮೆ ಪೂರ್ತಿ ಇರುತ್ತದೆ. ಟಿಕಿಂಟರ್, ಪಿಪ್ ಇಲ್ಲ, ನಿಮಗೆ ಅವು ಬೇಡ. ಹೊರಗಿನ ಪ್ಲಗಿನ್‌ಗಳಿಗೆ ಬೇಕಾದ ಲೈಬ್ರರಿಗಳನ್ನು ಆಯಾ ಜಿಪ್ ಒಳಗೇ ಇಡಿ. ಅಂಗಡಿಯ ಯಂತ್ರದಲ್ಲಿ ಪಿಪ್ ಓಡಿಸುವ ಯೋಚನೆ ಬೇಡವೇ ಬೇಡ. (ಪೇಟೆಯಲ್ಲಿ ಇನ್ನೂ ವಿಂಡೋಸ್ 7 ಯಂತ್ರಗಳಿದ್ದರೆ ನೆನಪಿಡಿ, ಅಲ್ಲಿ ಓಡುವ ಕೊನೆಯ ಪೈಥಾನ್ 3.8.)

ಜಾಗದ ವಿಷಯ ಸರಳ. ಬಂಡಲ್ ಆದವು ಪ್ರೋಗ್ರಾಂ ಫೈಲ್ಸ್‌ನಲ್ಲಿ, ಹೊರಗಿನವು ಬಳಕೆದಾರರ ಆ್ಯಪ್‌ಡೇಟಾದಲ್ಲಿ. ಪ್ರೋಗ್ರಾಂ ಫೈಲ್ಸ್‌ಗೆ ಬರೆಯಲು ಅಡ್ಮಿನ್ ಅನುಮತಿ ಬೇಕು, ಅಂಗಡಿಯ ಹುಡುಗನ ಲಾಗಿನ್‌ಗೆ ಅದಿರುವುದಿಲ್ಲ.

ಒಂದೇ ಪ್ಲಗಿನ್ನಿನ ಎರಡು ಪ್ರತಿ ಇದ್ದಾಗ ಯಾವುದು ಗೆಲ್ಲಬೇಕು ಅನ್ನುವುದನ್ನು ಮೊದಲೇ ಬರೆದಿಡಿ. ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಜೊತೆ ಆರ್ಗ್ ಎಂಬ ಟಿಪ್ಪಣಿಯ ಪ್ಲಗಿನ್ ಬಂಡಲ್ ಆಗಿಯೂ ಬರುತ್ತದೆ, ಎಲ್ಪಾ ಎಂಬ ಪ್ಯಾಕೇಜ್ ತಾಣದಿಂದ ಹೊಸದನ್ನೂ ಹಾಕಿಕೊಳ್ಳಬಹುದು. ಹಳೆಯದರ ಕೆಲವು ಫೈಲ್ ಮೊದಲು ಲೋಡ್ ಆಗಿ, ಆಮೇಲೆ ಹೊಸದರ ಉಳಿದ ಫೈಲ್ ಲೋಡ್ ಆದರೆ ಅರ್ಥವಿಲ್ಲದ ಎರರ್‌ಗಳು ಬರುತ್ತಿದ್ದವು. ಕೊನೆಗೆ ಆವೃತ್ತಿ ಹೊಂದುತ್ತಿಲ್ಲ ಎಂದು ನಿಲ್ಲಿಸುವ ತಪಾಸಣೆಯನ್ನೇ ಆರ್ಗ್‌ಗೆ ಸೇರಿಸಬೇಕಾಯಿತು. ಕೋಡನ್ನು ತಾನೇ ಕಟ್ಟಿ ಪರೀಕ್ಷಿಸುವ ಸರ್ವರ್ ಜೆಂಕಿನ್ಸ್‌ನ 1ರ ಸರಣಿಯಲ್ಲಿ ಬೇರೆ ತರಹದ ಪೇಚು. ಬಂಡಲ್ ಆದ ಪ್ಲಗಿನ್ನನ್ನು ಬಳಕೆದಾರ ಅಪ್‌ಡೇಟ್ ಮಾಡಿದರೆ ಅದಕ್ಕೆ ಪಿನ್ ಬೀಳುತ್ತಿತ್ತು, ಇಲ್ಲದಿದ್ದರೆ ಕೋರ್ ಶುರುವಾಗುವಾಗ ತನ್ನ ಹಳೇ ಪ್ರತಿಯನ್ನು ಅದರ ಮೇಲೆ ಬರೆದುಬಿಡುತ್ತಿತ್ತು. ಮುಂದೆ ಕೋರ್‌ನಲ್ಲಿ ಇನ್ನೂ ಹೊಸ ಪ್ರತಿ ಬಂದರೂ ಪಿನ್ ಆದದ್ದು ಹಳೆಯದರಲ್ಲೇ ಉಳಿಯುತ್ತಿತ್ತು. 2016ರ 2.0ರಲ್ಲಿ ಆ ಪದ್ಧತಿ ಬಿಟ್ಟು, ಮೊದಲ ಸಲ ತೆರೆದಾಗ ಶಿಫಾರಸಿನ ಪ್ಲಗಿನ್‌ಗಳನ್ನು ಹಾಕಲೇ ಎಂದು ಕೇಳುವ ವಿಝಾರ್ಡ್ ತಂದರು. ನಿಮಗೆ ಇಷ್ಟು ಸಾಕು: ಎರಡು ಪ್ರತಿ ಸಿಕ್ಕರೆ ಕೋರ್‌ನ ಎಪಿಐಗೆ (ಪ್ಲಗಿನ್‌ಗಳು ಕೋರನ್ನು ಕರೆಯುವ ವಿಧಾನಕ್ಕೆ) ಹೊಂದುವವುಗಳಲ್ಲಿ ಹೆಚ್ಚಿನ ಆವೃತ್ತಿಯದನ್ನು ಪೂರ್ತಿಯಾಗಿ ಲೋಡ್ ಮಾಡಿ, ಇನ್ನೊಂದರ ದಾರಿಯನ್ನು ಹುಡುಕುವ ಪಟ್ಟಿಯಿಂದಲೇ ತೆಗೆಯಿರಿ. ಯಾವ ಫೋಲ್ಡರಿನದು ಲೋಡ್ ಆಯಿತು ಅಂತ ಅಬೌಟ್ ಪರದೆಯಲ್ಲಿ ತೋರಿಸಿ. ಫೋನಿನಲ್ಲಿ ಸಪೋರ್ಟ್ ಕೊಡುವಾಗ ಆ ಒಂದು ಸಾಲು ತುಂಬಾ ಸಮಯ ಉಳಿಸುತ್ತದೆ.

ಎಪಿಐಗೆ ಕೋರ್‌ನ ಆವೃತ್ತಿಯಿಂದ ಬೇರೆಯದೇ ಸಂಖ್ಯೆ ಕೊಡಿ, ಪ್ರತಿ ಪ್ಲಗಿನ್ ತನಗೆ ಬೇಕಾದ ಕನಿಷ್ಠ ಮತ್ತು ಗರಿಷ್ಠ ಸಂಖ್ಯೆಯನ್ನು ಹೇಳಲಿ. ಗರಿಷ್ಠ ಹೇಳದಿದ್ದರೆ ಅದೇ ಸರಣಿಯ ಕೊನೆ ಎಂದು ಭಾವಿಸಿ. ಕನಿಷ್ಠ-ಗರಿಷ್ಠದ ಈ ನಿಯಮ ಕ್ಯೂಜಿಐಎಸ್‌ನಲ್ಲಿದೆ, ಅಲ್ಲಿ ಸಂಖ್ಯೆ ಮಾತ್ರ ಕ್ಯೂಜಿಐಎಸ್ ಆವೃತ್ತಿಯದೇ. 2018ರಲ್ಲಿ ಪೈಥಾನ್ 3 ಮತ್ತು ಕ್ಯೂಟಿ 5ರ ಜೊತೆ 3.0 ಬಂದಾಗ 2ರ ಪ್ಲಗಿನ್‌ಗಳು ಅದರಲ್ಲಿ ಲೋಡ್ ಆಗಲು ಹೋಗಿ ಕುಸಿಯುವ ಬದಲು ಪಟ್ಟಿಯಲ್ಲೇ ಕಾಣಿಸಲಿಲ್ಲ.

ಅಪ್‌ಡೇಟ್ ಕೊಡಲು ಸರ್ವರ್ ಪ್ರೋಗ್ರಾಂ ಬರೆಯಬೇಡಿ. ಒಂದು ಜೇಸನ್ ಪಟ್ಟಿ, ಅದರಲ್ಲಿ ಪ್ರತಿ ಜಿಪ್‌ನ ಹೆಸರು, ಆವೃತ್ತಿ, ಎಪಿಐ ವ್ಯಾಪ್ತಿ, ಗಾತ್ರ, ಶಾ-256 (ಫೈಲಿನ ಬೆರಳಚ್ಚಿನಂಥ ಸಂಖ್ಯೆ). ಪಟ್ಟಿಗೆ ಡಿಜಿಟಲ್ ಸಹಿ. ಎಪಿಐ ಸರಣಿಗೊಂದು ಪಟ್ಟಿ ಇರಲಿ, ಹಳೇ ಕೋರ್ ಇಟ್ಟುಕೊಂಡವರಿಗೆ ಹಳೇ ಪಟ್ಟಿ ಸಿಗುತ್ತಿರಲಿ. ಸಹಿ ಪರಿಶೀಲನೆ ಇನ್‌ಸ್ಟಾಲ್ ಮಾಡುವಾಗ ಮಾತ್ರ ಆಗಲಿ, ಪ್ರತಿ ಸಲ ತೆರೆಯುವಾಗ ಬೇಡ. 2019ರ ಮೇ 4ರಂದು ಫೈರ್‌ಫಾಕ್ಸ್‌ನಲ್ಲಿ ಆ್ಯಡ್-ಆನ್‌ಗಳ ಸಹಿಗೆ ಬಳಸುವ ಮಧ್ಯದ ಸರ್ಟಿಫಿಕೇಟಿನ ಅವಧಿ ಮುಗಿದು, ಜಗತ್ತಿನ ಎಲ್ಲೆಡೆ ಅದಾಗಲೇ ಹಾಕಿಕೊಂಡಿದ್ದ ಆ್ಯಡ್-ಆನ್‌ಗಳೂ ಆಫ್ ಆದವು. ಶನಿವಾರ ಸಂಜೆ ವ್ಯಾಪಾರದ ಹೊತ್ತಿನಲ್ಲಿ ತೂಕದ ಯಂತ್ರ ಹಾಗೆ ನಿಂತರೆ ಏನಾಗುತ್ತದೆ ಯೋಚಿಸಿ. ಅದೇ ಜಿಪ್ಪನ್ನು ಪೆನ್‌ಡ್ರೈವ್‌ನಿಂದಲೂ ಹಾಕಲು ಬರಬೇಕು, ಸಹಿ ಜಿಪ್‌ನ ಪಕ್ಕದಲ್ಲೇ ಇದ್ದರೆ ನೆಟ್ ಇಲ್ಲದೆಯೂ ತಪಾಸಣೆ ನಡೆಯುತ್ತದೆ. ಹಿಂದಿನ ಆವೃತ್ತಿಯ ಫೋಲ್ಡರನ್ನು ಅಳಿಸಬೇಡಿ. ಹೊಸದು ಲೋಡ್ ಆಗದಿದ್ದರೆ ತಾನೇ ಹಿಂದಿನದಕ್ಕೆ ಮರಳಲಿ.

ಪರೀಕ್ಷೆಯ ಲೆಕ್ಕ ಹೀಗಿದೆ. 12 ಪ್ಲಗಿನ್ ಇದ್ದರೆ ಇದೆ-ಇಲ್ಲ ಜೋಡಣೆಗಳು 4096. ಎಲ್ಲವನ್ನೂ ನೋಡಲು ಆಗದು. ಎಲ್ಲಾ ಇರುವುದು, ಒಂದೂ ಇಲ್ಲದ್ದು, ಒಂದೊಂದೇ ಇರುವುದು, ಒಟ್ಟು 14 ಓಟ ಸಾಕು. ಒಂದೂ ಇಲ್ಲದ ಓಟವನ್ನು ತಪ್ಪಿಸಬೇಡಿ, ಕೋರ್ ಗುಟ್ಟಾಗಿ ಯಾವ ಪ್ಲಗಿನ್ನಿನ ಮೇಲೆ ಒರಗಿದೆ ಅನ್ನುವುದು ಬಯಲಾಗುವುದು ಅಲ್ಲೇ. ಬಂಡಲ್ ಆದವುಗಳ ಸೋರ್ಸನ್ನು ಕೋರ್‌ನ ರಿಪಾಸಿಟರಿಯಲ್ಲೇ ಇಡಿ, ಆಗ ಎಪಿಐ ಬದಲಿಸಿದ ಕಮಿಟ್‌ನಲ್ಲೇ (ಅದೇ ತಿದ್ದುಪಡಿಯಲ್ಲೇ) ಪ್ಲಗಿನ್ನೂ ಸರಿಹೋಗುತ್ತದೆ. ನಾಲ್ಕು ಜನರ ತಂಡಕ್ಕೆ ಹನ್ನೆರಡು ರಿಪಾಸಿಟರಿ ಬರೀ ಹೊರೆ.

ಸಾಗಿಸುವ ಕ್ರಮ ಮುಖ್ಯ. ಮೊದಲ ರಿಲೀಸಿನಲ್ಲಿ ಏನನ್ನೂ ಹೊರಗೆ ಹಾಕಬೇಡಿ. ಎಪಿಐ ಸಂಖ್ಯೆ, ಎರಡು ಫೋಲ್ಡರ್, ಅಪ್‌ಡೇಟ್ ಪಟ್ಟಿ ಇಷ್ಟನ್ನು ಸೇರಿಸಿ, ದರಪಟ್ಟಿಯನ್ನು ಮಾತ್ರ ಆ ದಾರಿಯಲ್ಲಿ ಕಳಿಸಿ ನೋಡಿ. ಅದು ಎಲ್ಲಾ ಅಂಗಡಿಗೂ ತಲುಪಿದ ಮೇಲೆ ಓಸಿಆರ್ ತೆಗೆಯಿರಿ. ತೆಗೆಯುವಾಗ, ಹಳೇ ಆವೃತ್ತಿಯಿಂದ ಏರಿದ ಯಂತ್ರದಲ್ಲಿ ಓಸಿಆರ್ ಬಳಕೆಯಲ್ಲಿತ್ತೇ ಎಂದು ಸೆಟ್ಟಿಂಗ್ ನೋಡಿ, ಇದ್ದರೆ ಕೇಳದೆಯೇ ಹೊರಗಿನ ಕಟ್ಟನ್ನು ಹಾಕಿಕೊಡಿ. ಜೆಂಕಿನ್ಸ್ ಕೋರ್‌ನಿಂದ ಬೇರ್ಪಡಿಸಿದ ಪ್ಲಗಿನ್‌ಗಳಿಗೆ ಇದೇ ಉಪಾಯ ಮಾಡುತ್ತದೆ. ಆಮೇಲೆ ವಾಟ್ಸಾಪ್, ಕೊನೆಗೆ ಇ-ಇನ್‌ವಾಯ್ಸ್.

ಹೊರಗಿನವರ ಎರಡು ಪ್ಲಗಿನ್‌ಗಳ ಮಾತು. ತೂಕದ ಯಂತ್ರದ ಓದುವ ಭಾಗವನ್ನು ಕೋರ್‌ಗೆ ತರುವ ಮುಂಚೆ ಅದನ್ನು ಬರೆದವರಿಂದ ಲೈಸೆನ್ಸ್ ಬರಹದಲ್ಲಿ ಪಡೆಯಿರಿ. ಜಿಪಿಎಲ್ 3 ಆದರೆ ಸರಿ, ಎಂಐಟಿ, ಅಪಾಚೆ 2.0 ಆದರೂ ಸರಿ, ಅವು ಜಿಪಿಎಲ್ 3ರ ಜೊತೆ ಹೊಂದುತ್ತವೆ. ಜಿಪಿಎಲ್ 2 ಮಾತ್ರ ಎಂದು ಬರೆದಿದ್ದರೆ ಹೊಂದುವುದಿಲ್ಲ, ಬದಲಿಸಿಕೊಡಿ ಎಂದು ಕೇಳಬೇಕು. ಯಾವ ಲೈಸೆನ್ಸೂ ಬರೆದಿಲ್ಲವೆಂದರೆ ನಿಮಗೆ ಹಂಚುವ ಹಕ್ಕೇ ಇಲ್ಲ. ಈಗಿನ 310 ಎಂಬಿ ಇನ್‌ಸ್ಟಾಲರ್‌ನಲ್ಲಿ ಹಂಚುತ್ತಿರುವುದೂ ತಪ್ಪಾಗುತ್ತದೆ, ಆದ್ದರಿಂದ ಇದನ್ನು ಈ ವಾರವೇ ನೋಡಿ. ಇ-ಇನ್‌ವಾಯ್ಸ್ ಅನ್ನು ಸೇರಿಸಿಕೊಳ್ಳಬೇಡಿ, ಬರೆದವರ ಹೆಸರಿನಲ್ಲೇ ನಿಮ್ಮ ಪಟ್ಟಿಯಲ್ಲಿರಲಿ. ಅವರಿಗೆ ತಾವೇ ರಿಲೀಸ್ ಬಿಡುವ ಅಧಿಕಾರ ಕೊಡಿ, ಪಟ್ಟಿಗೆ ಸಹಿ ಹಾಕುವ ಕೀ ಮಾತ್ರ ನಿಮ್ಮ ನಾಲ್ವರಲ್ಲಿ ಇಬ್ಬರ ಹತ್ತಿರ ಇರಲಿ. ಅವರು ಮುಂದೆ ಬಿಟ್ಟುಹೋದರೆ ಯಾರು ನೋಡಿಕೊಳ್ಳಬೇಕು, ಎಷ್ಟು ದಿನ ಉತ್ತರ ಬಾರದಿದ್ದರೆ ನೀವು ಕೈಗೆತ್ತಿಕೊಳ್ಳಬಹುದು ಅನ್ನುವುದನ್ನು ಈಗಲೇ ಮಾತಾಡಿ ರೀಡ್‌ಮಿಯಲ್ಲಿ ಬರೆದಿಡಿ. ತೊಂಬತ್ತು ದಿನ ಅಂತ ಇಟ್ಟರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.